ಕ್ಲಚ್ಚಕ್ಕನ ಬಾನೆಟ್ಟು

ಅವಳಿಗೆ ಹೆತ್ತವರು ಇಟ್ಟ ಹೆಸರು ಲೈಸೆನ್ಸಿನ ಮೇಲೆ ಬಿಟ್ಟರೆ ಇನ್ನೆಲ್ಲೂ ಉಳಿದಿರಲಿಲ್ಲ. ಸುತ್ತಮುತ್ತಲ ನಾಲ್ಕು ಬೀದಿಗೂ ಅವಳು ಕ್ಲಚ್ಚಕ್ಕ. ಕಾರು ಕಲಿಯಲು ಬಂದವರ ಪಕ್ಕದಲ್ಲಿ ಕೂತು ದಿನಕ್ಕೆ ನೂರು ಸಲ "ಕ್ಲಚ್ಚು, ಕ್ಲಚ್ಚು" ಎಂದು ಹೇಳಿ ಹೇಳಿ ಆ ಹೆಸರು ತಾನಾಗಿ ಅಂಟಿಕೊಂಡಿತ್ತು. ಮೊದಮೊದಲು ಬೇಜಾರಾಗುತ್ತಿತ್ತು. ಆಮೇಲೆ ಫೋನಿನಲ್ಲಿ ತಾನೇ "ಹಲೋ, ಕ್ಲಚ್ಚಕ್ಕ ಮಾತಾಡ್ತಿದೀನಿ" ಎನ್ನತೊಡಗಿದಳು.

ಅದಕ್ಕೂ ಮುಂಚೆ ಅವಳು ನೂಲಿನ ಕಾರ್ಖಾನೆಯಲ್ಲಿ ಉಂಡೆ ಸುತ್ತುವ ಕೆಲಸದಲ್ಲಿದ್ದಳು. ಅಲ್ಲಿ ಸಾಮಾನು ಸಾಗಿಸುವ ವ್ಯಾನೊಂದಿತ್ತು. ಅದರ ಡ್ರೈವರು ಊಟಕ್ಕೆ ಹೋದಾಗಲೆಲ್ಲ ಅದನ್ನು ಸರಿಯಾಗಿ ಬಾಗಿಲಿಗೆ ಅಡ್ಡ ನಿಲ್ಲಿಸಿ ಹೋಗುತ್ತಿದ್ದ. ಹೇಳಿ ಹೇಳಿ ಬಾಯಿ ನೋವು ಬಂದ ಮೇಲೆ ಒಂದು ದಿನ ಅವಳೇ ಹತ್ತಿ ಕೂತು, ಎರಡು ಸಲ ಆಫ್ ಮಾಡಿ, ಮೂರನೆಯ ಸಲಕ್ಕೆ ವ್ಯಾನನ್ನು ಹಿಂದಕ್ಕೆ ಸರಿಸಿದಳು. ಕಲಿತದ್ದು ಹಾಗೆ, ಸಿಟ್ಟಿನಲ್ಲಿ. ಕಾರ್ಖಾನೆಗೆ ಬೀಗ ಬಿದ್ದ ವರ್ಷ ಕೈಗೆ ಬಂದ ಇಡಿಗಂಟಿನಲ್ಲಿ ಒಂದು ಹಳೆಯ ಬಿಳಿ ಪುಟ್ಟ ಕಾರು ಕೊಂಡು, ಎಡಗಡೆಗೆ ಇನ್ನೊಂದು ಜೊತೆ ಪೆಡಲು ಹಾಕಿಸಿದಳು. ತನ್ನಂತೆಯೇ ಕೆಲಸ ಕಳೆದುಕೊಂಡ ಹೆಂಗಸರಿಗೆ ಮೊದಲು ಕಲಿಸಿದಳು. ಅವರಲ್ಲಿ ಇಬ್ಬರು ಇವತ್ತಿಗೂ ಟ್ಯಾಕ್ಸಿ ಓಡಿಸುತ್ತಾರೆ. ಅದಾಗಿ ಹತ್ತೊಂಬತ್ತು ವರ್ಷ. ಕಾರು ಮಾತ್ರ ಅದೇ.

ಕಲಿಯುವವರ ಮುಂದೆ ಅವಳ ತಾಳ್ಮೆಗೆ ತಳವೇ ಇರಲಿಲ್ಲ. ಗೇರು ಕಿರುಗುಟ್ಟಿಸಿದರೂ, ಕಾಂಪೌಂಡಿಗೆ ಮುತ್ತಿಟ್ಟರೂ, ನಡುರಸ್ತೆಯಲ್ಲಿ ಸ್ಟೇರಿಂಗು ಬಿಟ್ಟು ಕಣ್ಣು ಮುಚ್ಚಿಕೊಂಡರೂ "ಪರವಾಗಿಲ್ಲ, ಇನ್ನೊಂದ್ಸಲ" ಎಂದಷ್ಟೇ ಹೇಳುವಳು. ದಿನವಿಡೀ ಹಾಗೆ ನುಂಗಿಕೊಂಡ ಸಿಟ್ಟು ಎಲ್ಲಿಗಾದರೂ ಹೋಗಬೇಕಲ್ಲ, ಸಂಜೆ ಮನೆಗೆ ಬಂದು ಸಾಮಾನುಗಳ ಮೇಲೆ ಇಳಿಯುತ್ತಿತ್ತು. ಸರಿಯಾಗಿ ಮುಚ್ಚದ ಕಪಾಟು, ತೊಟ್ಟಿಕ್ಕುವ ನಲ್ಲಿ, ಕಾಲು ಕುಂಟುವ ಸ್ಟೂಲು, ಇವುಗಳೊಂದಿಗೆ ಅವಳು ಮನುಷ್ಯರೊಂದಿಗೆ ಜಗಳವಾಡುವಂತೆಯೇ ಜಗಳವಾಡುತ್ತಿದ್ದಳು.

ಅವಳ ಮೊದಲ ಪಾಠ ಯಾವಾಗಲೂ ಬಾನೆಟ್ಟಿನ ಕೆಳಗೆ. ಎಣ್ಣೆ ನೋಡುವುದು ಹೇಗೆ, ನೀರು ಹಾಕುವುದು ಎಲ್ಲಿ, ಬ್ಯಾಟರಿಯ ಯಾವ ತುದಿಯನ್ನು ಮುಟ್ಟಬಾರದು, ಇಷ್ಟು ತಿಳಿಯದೆ ಯಾರನ್ನೂ ಸೀಟಿಗೆ ಹತ್ತಿಸುತ್ತಿರಲಿಲ್ಲ. ಹೀಗಾಗಿ ಬೇರೆಯವರ ಬಾನೆಟ್ಟು ತಿಂಗಳಿಗೊಮ್ಮೆ ತೆರೆದರೆ ಅವಳದು ದಿನಕ್ಕೆ ನಾಲ್ಕು ಸಲ ತೆರೆಯಬೇಕು. ಅದನ್ನು ಎತ್ತಿ ನಿಲ್ಲಿಸಲು ಒಂದು ಕಂಬಿ ಇತ್ತು. ಕಂಬಿಯ ತುದಿ ಕೂರುವ ತೂತು ಸವೆದು, ತುಕ್ಕು ತಿಂದು, ಒಂದು ರೂಪಾಯಿಯಷ್ಟು ಅಗಲವಾಗಿತ್ತು. ಕಂಬಿ ನಿಂತಂತೆ ಮಾಡುತ್ತಿತ್ತೇ ಹೊರತು ನಿಲ್ಲುತ್ತಿರಲಿಲ್ಲ. ಬಟ್ಟೆ ಸುತ್ತಿ ತುರುಕಿ ನೋಡಿದಳು. ರಬ್ಬರು ಕಟ್ಟಿ ನೋಡಿದಳು. ಕೊನೆಗೆ ಕಸಬರಿಗೆಯ ಮುರಿದ ಹಿಡಿಯನ್ನು ಡಿಕ್ಕಿಯಲ್ಲಿ ಇಟ್ಟುಕೊಂಡು ಓಡಾಡಿದಳು. ಆ ಹಿಡಿ ಕಾರಿನ ಜೊತೆಗೇ ಬಂದದ್ದೇ ಎಂದು ಕಲಿಯಲು ಬಂದವರೊಬ್ಬರು ಭಕ್ತಿಯಿಂದ ಕೇಳಿದ ದಿನ, ಇನ್ನು ಇದು ಸಾಕು ಎಂದುಕೊಂಡಳು.

ಮೆಕ್ಯಾನಿಕ್ಕು ನೋಡಿ, ತೂತಿಗೆ ವೆಲ್ಡಿಂಗ್ ಮಾಡಲು ತಗಡಾದರೂ ಇರಬೇಕಲ್ಲ, ಇಲ್ಲಿ ಬರೀ ತುಕ್ಕಿದೆ, ಕಾರನ್ನೇ ಮಾರಿಬಿಡಿ ಎಂದ. ಅವಳು ಗಂಡನಿಗೆ ಹೇಳಿದಳು. ತಪ್ಪು ಮಾಡಿದ್ದು ಅಲ್ಲಿಯೇ.

ಗಂಡ ಗಡಿಯಾರ ರಿಪೇರಿಯವರು. ಜನ ಫೋನಿನಲ್ಲೇ ಸಮಯ ನೋಡಲು ಶುರುಮಾಡಿದ ಮೇಲೆ ಅಂಗಡಿ ಮುಚ್ಚಿ, ಚಿಮಟ, ಭೂತಗನ್ನಡಿ, ಸಣ್ಣ ಸಣ್ಣ ಡಬ್ಬಿಗಳನ್ನೆಲ್ಲ ತಂದು ಊಟದ ಮೇಜಿನ ಅರ್ಧಕ್ಕೆ ಬೇರೂರಿದ್ದರು. ಒಂದು ಸ್ಕ್ರೂ ಕೆಳಗೆ ಬಿದ್ದರೆ ಅದು ಸಿಗುವವರೆಗೆ ಮನೆಯವರೆಲ್ಲ ಕಾಲು ಮೇಲೆತ್ತಿ ಕೂರಬೇಕು. ಕೈ ಚಿನ್ನದಂಥದ್ದು, ವೇಗ ಮಾತ್ರ ಗಂಟೆಯ ಮುಳ್ಳಿನದು. ಕಂಬಿಯ ತುದಿಗೆ ತಾನೇ ಒಂದು ಹಿತ್ತಾಳೆ ಕೊಂಡಿ ಮಾಡಿಕೊಡುತ್ತೇನೆ ಎಂದು ಒಪ್ಪಿಕೊಂಡರು. ಮೂರು ದಿನ ಚಿತ್ರ ಬರೆದರು. ನಾಲ್ಕು ದಿನ ಅರ ಹಾಕಿ ಉಜ್ಜಿದರು. ಕೇಳಿದಾಗಲೆಲ್ಲ "ಆಗ್ತಾ ಇದೆ" ಎನ್ನುವರು.

ಅದು ಆಗ್ತಾ ಇರುವಾಗಲೇ ಬಾನೆಟ್ಟು ಬಿತ್ತು.

ಅವತ್ತು ಹೊಸದಾಗಿ ಕಲಿಯಲು ಬಂದವರು ಆಸ್ಪತ್ರೆಯ ನರ್ಸಮ್ಮ. ವಯಸ್ಸು ಐವತ್ತರ ಹತ್ತಿರ. ಬೆಳಗಿನ ಪಾಳಿಗೆ ಬಸ್ಸು ಸಿಗದೆ ಸಾಕಾಗಿ, ಧೈರ್ಯ ತಂದುಕೊಂಡು ಬಂದಿದ್ದರು. ಎಣ್ಣೆಯ ಕಡ್ಡಿಯನ್ನು ಎಳೆಯುವ ಮುಂಚೆ, ಎಳೆಯಲಾ ಎಂದು ಮೂರು ಸಲ ಕೇಳಿದರು. ಪಕ್ಕದಲ್ಲಿ ಒಂದು ಲಾರಿ ಹಾದುಹೋದ ಗಾಳಿಗೆ ಕಸಬರಿಗೆಯ ಹಿಡಿ ಜಾರಿತು. ಕ್ಲಚ್ಚಕ್ಕ ನರ್ಸಮ್ಮನನ್ನು ಆಚೆ ತಳ್ಳಿದಳು, ತನ್ನ ಬಲಗೈಯನ್ನು ಎಳೆದುಕೊಳ್ಳಲು ಆಗಲಿಲ್ಲ. ಇಡೀ ಬಾನೆಟ್ಟು ಮುಂಗೈ ಮೇಲೆ ಕೂತಿತು.

ಅಷ್ಟು ಹೊತ್ತು ಕಡ್ಡಿ ಮುಟ್ಟಲೂ ಹೆದರುತ್ತಿದ್ದ ನರ್ಸಮ್ಮ ಆ ಕ್ಷಣದಲ್ಲಿ ಬೇರೆಯೇ ಹೆಂಗಸಾದರು. ಒಂದೇ ಕೈಯಲ್ಲಿ ಬಾನೆಟ್ಟು ಎತ್ತಿದರು, ಅಕ್ಕನನ್ನು ಫುಟ್‌ಪಾತಿನ ಮೇಲೆ ಕೂರಿಸಿದರು, ಸಂಚಾರ ನಿಯಮಗಳ ಪುಸ್ತಕವನ್ನೇ ಮಡಚಿ ಮುಂಗೈಗೆ ಆಸರೆಯಾಗಿಟ್ಟು ತಮ್ಮ ದುಪಟ್ಟದಿಂದ ಬಿಗಿದರು. ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು. ಮೂರು ವಾರ ಪ್ಲಾಸ್ಟರು.

ಸಂಜೆ ಅವಳು ಕೈ ಕತ್ತಿಗೆ ತೂಗಿಕೊಂಡು ಮನೆಗೆ ಬಂದಾಗ ಗಂಡ ಬಾಗಿಲಲ್ಲೇ ನಿಂತಿದ್ದರು. ಅಂಗೈಯಲ್ಲಿ ಹಿತ್ತಾಳೆ ಕೊಂಡಿ ಥಳಥಳ ಹೊಳೆಯುತ್ತಿತ್ತು. "ಆಯ್ತು ನೋಡು" ಎಂದು ಹೇಳಿಯಾದ ಮೇಲೆ ಅವರ ಕಣ್ಣು ಪ್ಲಾಸ್ಟರಿನ ಮೇಲೆ ಬಿತ್ತು.

ಅವಳು ಅವರನ್ನು ಬಳಸಿಕೊಂಡು ಒಳಗೆ ಹೋದಳು. ಆ ರಾತ್ರಿ ಮನೆಯಲ್ಲಿ ಚಮಚವೂ ಸದ್ದು ಮಾಡಲಿಲ್ಲ.

ಮರುದಿನ ಮೈದುನ ನೋಡಲು ಬಂದ. ಅವನು ಫ್ರಿಜ್ಜಿನ ಅಂಗಡಿಯಲ್ಲಿ ಮಾರಾಟದವನು. ಮಂಜುಗಡ್ಡೆಯ ದೇಶದವರಿಗೂ ಫ್ರಿಜ್ಜು ಮಾರಿ ಬರುವ ಬಾಯಿ. ಅವನ ಮ್ಯಾನೇಜರ ದೊಡ್ಡ ಕಾರಿನಲ್ಲಿ ಕಂಬಿಯೇ ಇಲ್ಲವಂತೆ. ಎರಡು ಬದಿಗೆ ಎರಡು ಕಪ್ಪು ಕೊಳವೆ, ಒಳಗೆ ಗ್ಯಾಸು ತುಂಬಿದ್ದು. ಒಂದು ಬೆರಳು ಹಚ್ಚಿದರೆ ಸಾಕು, ಬಾನೆಟ್ಟು ತಾನಾಗಿ ಮೇಲೇಳುತ್ತದೆ, ಬೀಳು ಎಂದರೂ ಬೀಳುವುದಿಲ್ಲ. ನಮ್ಮ ಹಳೆಯ ಕಾರಿಗೆ ಅಂಥದ್ದು ಕಂಪನಿಯವರು ಮಾಡಿಯೇ ಇಲ್ಲ ಎಂದು ಗಂಡ ಮೆಲ್ಲಗೆ ಹೇಳಿದರು. ಅದಕ್ಕೇನು, ಗುಜರಿಯಲ್ಲಿ ಸಿಗುವ ಯಾವುದಾದರೂ ಕಾರಿನ ಹಿಂಬಾಗಿಲಿನದ್ದನ್ನು ಕಿತ್ತು ಹಾಕಿದರಾಯಿತು, ಮೆಕ್ಯಾನಿಕ್ಕುಗಳೂ ಅದನ್ನು ಡಿಕ್ಕಿ ಶಾಕ್ ಅಂತಲೇ ಕರೆಯುತ್ತಾರೆ, ಒಂದು ಭಾನುವಾರದ ಕೆಲಸ ಎಂದ ಮೈದುನ.

ಹಿತ್ತಾಳೆ ಕೊಂಡಿಯನ್ನು ನೋಡಿ ನೋಡಿ ಹೊಟ್ಟೆ ಉರಿದು, ಅದನ್ನು ಕಾರಿಗೆ ಹಾಕಲೂ ಬಿಡದಿದ್ದ ಕ್ಲಚ್ಚಕ್ಕನಿಗೆ "ಒಂದು ಭಾನುವಾರ" ಎಂಬ ಮಾತೇ ಅಮೃತದಂತೆ ಕೇಳಿಸಿತು.

ಊರಾಚೆಯ ಗುಜರಿ ಅಂಗಡಿ ಗುಜರಿಯಮ್ಮನದು. ಕನ್ನಡಕವನ್ನು ದಾರಕ್ಕೆ ಕಟ್ಟಿ ಎದೆಯ ಮೇಲೆ ಬಿಟ್ಟುಕೊಂಡು, ಲಾರಿಯ ಸೀಟೊಂದರ ಮೇಲೆ ಕೂತಲ್ಲಿಂದಲೇ ಯಾವ ಬಾಗಿಲು ಯಾವ ಸಾಲಿನಲ್ಲಿದೆ ಎಂದು ಬೆರಳು ತೋರಿಸುವವರು. ಮೈದುನ ಸಾಲು ಸಾಲು ಸುತ್ತಿ, ಇದ್ದುದರಲ್ಲೇ ದೊಡ್ಡ ಗಾಡಿಯ ಹಿಂಬಾಗಿಲಿನಿಂದ ಒಂದು ಜೊತೆ ಶಾಕು ಬಿಚ್ಚಿ ತಂದ. ತುದಿ ಕೂರುವ ಗುಂಡು ಬೋಲ್ಟುಗಳನ್ನೂ ಬಿಡಲಿಲ್ಲ. ಶಾಕನ್ನು ಕಾರಿಗೆ ಕಚ್ಚಿಸುವ ಹಿಡಿಕೆ ಮಾಡಲು ಹಳೆಯ ಸೀಟಿನ ಜಾರುಪಟ್ಟಿಯಿಂದ ದಪ್ಪ ಉಕ್ಕಿನ ತುಂಡುಗಳನ್ನು ಕತ್ತರಿಸಿಕೊಂಡ. ಪುಟ್ಟ ಕಾರಿಗೆ ಇದು ಜಾಸ್ತಿಯಾಯಿತಲ್ಲವೇ ಎಂದು ಗುಜರಿಯಮ್ಮ ಕೇಳಿದರೆ, "ಗಟ್ಟಿಯಿದ್ದಷ್ಟೂ ಒಳ್ಳೇದಲ್ವಾ ಅಮ್ಮಾ, ಆನೇನೂ ಎತ್ತುತ್ತೆ" ಎಂದ. ಬಾನೆಟ್ಟಿನ ಕೆಳಗೆ ಆನೆ ಯಾಕಿರುತ್ತದೆ ಎಂದು ಯಾರೂ ಕೇಳಲಿಲ್ಲ.

ಪ್ಲಾಸ್ಟರು ಬಿಚ್ಚಿದ ಮೇಲಿನ ಮೊದಲ ಭಾನುವಾರ ಮನೆ ಮುಂದೆ ಕೆಲಸ ನಡೆಯಿತು. ಗಂಡ ಒಂದು ಅಡಿಕೋಲು, ಒಂದು ಪೆನ್ಸಿಲು ಹಿಡಿದು ಅಳೆಯಲು ಕೂತರು. ಶಾಕು ಪೂರ್ತಿ ಚಾಚಿದಾಗ ಎಷ್ಟುದ್ದ, ಪೂರ್ತಿ ಮುಚ್ಚಿದಾಗ ಎಷ್ಟುದ್ದ, ಕೀಲಿನಿಂದ ಎಷ್ಟು ದೂರದಲ್ಲಿ ಕೂರಿಸಿದರೆ ಬಾನೆಟ್ಟು ಎಷ್ಟು ಮೇಲೇಳುತ್ತದೆ ಎಂದು ಬರೆದುಕೊಳ್ಳುತ್ತಾ, ಮಧ್ಯೆ ಏನೋ ಗೊಣಗುತ್ತಿದ್ದರು. ಅವರು ಗೊಣಗಿ ಮುಗಿಸುವಷ್ಟರಲ್ಲಿ ಮೈದುನ ನಾಲ್ಕು ತೂತು ಕೊರೆದಿದ್ದ. ಎರಡು ತಪ್ಪಾಗಿದ್ದವು. ಅದಕ್ಕೇ ಆರಾದವು.

ಮಧ್ಯಾಹ್ನದ ಹೊತ್ತಿಗೆ ಶಾಕು ಕೂತವು. ಮೈದುನ ಬಾನೆಟ್ಟಿನ ಕೊಂಡಿ ಸರಿಸಿದ್ದೇ ತಡ, ಬಾನೆಟ್ಟು ಬೆಚ್ಚಿಬಿದ್ದ ಹುಂಜದಂತೆ ಮೇಲಕ್ಕೆ ಹಾರಿ ನಿಂತಿತು. ಎದುರುಮನೆಯವರು ಚಪ್ಪಾಳೆ ತಟ್ಟಿದರು. ಮುಚ್ಚುವುದು ಬಂದಾಗ ಮಾತ್ರ ಕಥೆ ಬದಲಾಯಿತು. ಕ್ಲಚ್ಚಕ್ಕ ಒತ್ತಿದಳು, ಬಗ್ಗಲಿಲ್ಲ. ಮೈದುನ ಜೋತುಬಿದ್ದ, ಅರ್ಧಕ್ಕೆ ಬಂದು ನಿಂತಿತು. ಇಬ್ಬರೂ ಸೇರಿ ಅಂಡು ಊರಿ ಕೂತ ಮೇಲೆ ಎಲ್ಲೋ ಒಳಗೆ ಕಟಕ್ ಎಂದು ಲಾಕು ಬಿತ್ತು. ಎದ್ದು ನೋಡಿದರೆ ಬಾನೆಟ್ಟಿನ ನಡುವೆ, ಹೊಟ್ಟೆ ತುಂಬ ಉಂಡವರಂತೆ, ಒಂದು ಉಬ್ಬು ಬಂದಿತ್ತು. ಹೊಸದರಲ್ಲಿ ಹಾಗೇ, ನಾಲ್ಕು ದಿನ ಬಳಸಿದರೆ ಸಡಿಲವಾಗುತ್ತದೆ ಎಂದ ಮೈದುನ. ಫ್ರಿಜ್ಜು ಸದ್ದು ಮಾಡುತ್ತದೆ ಎಂದು ದೂರು ತಂದವರಿಗೆ ಅಂಗಡಿಯಲ್ಲಿ ಇದೇ ಮಾತು ಹೇಳುತ್ತಿದ್ದ.

ಎರಡು ದಿನ ಅವಳು ಒಬ್ಬಳೇ ಬಾನೆಟ್ಟಿನೊಂದಿಗೆ ಗುದ್ದಾಡಿದಳು. ಪ್ರತಿ ಮೊದಲ ಪಾಠದ ಕೊನೆಗೂ ಕಲಿಯಲು ಬಂದವರನ್ನೇ ಕರೆದು ಬಾನೆಟ್ಟಿನ ಮೇಲೆ ಕೂರಿಸಬೇಕಾಯಿತು. ದುಡ್ಡು ಕೊಟ್ಟು ಕಾರು ಕಲಿಯಲು ಬಂದ ಬ್ಯಾಂಕಿನವರೊಬ್ಬರು ಕಾರಿನ ಮೂಗಿನ ಮೇಲೆ ಕೈಚೀಲ ಹಿಡಿದು ಕೂತದ್ದನ್ನು ನೆನೆಸಿಕೊಂಡರೆ ಅವಳಿಗೆ ಆಮೇಲೆಯೂ ಕಿವಿ ಬಿಸಿಯಾಗುತ್ತಿತ್ತು.

ಮೂರನೆಯ ದಿನ ನರ್ಸಮ್ಮ ಓಡಿಸುತ್ತಿದ್ದರು. ಶಾಲೆಯ ಹತ್ತಿರದ ಉಬ್ಬು ದಾಟುವಾಗ ಢಬ್ ಎಂದು ಸದ್ದಾಗಿ ಬಾನೆಟ್ಟಿನ ಲಾಕು ಬಿಟ್ಟಿತು. ಲಾಕು ಬಿಟ್ಟರೆ ಇರಲಿ ಎಂದು ಕಂಪನಿಯವರೇ ಇಟ್ಟ ಎರಡನೆಯ ಕೊಂಡಿಯೊಂದು ಹಿಡಿದುಕೊಂಡಿದ್ದರಿಂದ ಪೂರ್ತಿ ಹಾರಲಿಲ್ಲ. ಒಂದು ಗೇಣು ಮೇಲೆದ್ದು ನಿಂತಿತು. ಎದುರಿನ ರಸ್ತೆ ಅರ್ಧಕ್ಕರ್ಧ ಮರೆಯಾಯಿತು. ಶಾಕುಗಳು ಕೆಳಗಿನಿಂದ ನೂಕುತ್ತಲೇ ಇದ್ದವು, ಆ ಕೊಂಡಿ ಎಷ್ಟು ಹೊತ್ತು ತಡೆಯುತ್ತದೋ ಗೊತ್ತಿರಲಿಲ್ಲ. ಕ್ಲಚ್ಚಕ್ಕನ ಕಾಲು ತನ್ನ ಕಡೆಯ ಬ್ರೇಕಿನ ಮೇಲೆ ಹೋಗಿತ್ತು. ಒತ್ತುವ ಅಗತ್ಯವೇ ಬೀಳಲಿಲ್ಲ. ನರ್ಸಮ್ಮ ಕನ್ನಡಿ ನೋಡಿದರು, ಎಡಕ್ಕೆ ದೀಪ ಹಾಕಿದರು, ಕ್ಲಚ್ಚು ಬ್ರೇಕು ಎರಡನ್ನೂ ಮೆತ್ತಗೆ ಒತ್ತಿ, ಗಾಡಿಯನ್ನು ರಸ್ತೆ ಬದಿಗೆ ತಂದು ನಿಲ್ಲಿಸಿ, ಹ್ಯಾಂಡ್ ಬ್ರೇಕು ಎಳೆದರು. ಅಲ್ಲಿಯವರೆಗೆ ಅವರು ಒಂದು ಸಲವೂ ಇಷ್ಟು ಚೆನ್ನಾಗಿ ನಿಲ್ಲಿಸಿರಲಿಲ್ಲ.

"ಅಕ್ಕಾ, ನಾನು ಎಲ್ಲಾ ಸರಿಯಾಗೇ ಮಾಡಿದ್ನಲ್ಲ," ಎಂದರು ಅವರು, ಎದುರಿನ ಬಾನೆಟ್ಟನ್ನೇ ನೋಡುತ್ತಾ. "ಮತ್ತೆ ಇದು ಯಾಕೆ ಎದ್ದು ನಿಂತ್ಕೊಳ್ತು?"

"ನೀವು ಸರಿಯಾಗೇ ಮಾಡಿದ್ರಿ ನರ್ಸಮ್ಮ. ತಪ್ಪು ಮಾಡಿದವರು ಬೇರೆ ಇದಾರೆ."

ಹಗ್ಗ ಕಟ್ಟಿ ಬಾನೆಟ್ಟನ್ನು ಬಿಗಿದುಕೊಂಡು ಮನೆಗೆ ಬಂದಾಗ ಅವಳ ಮುಖ ನೋಡಿ ಗಂಡ ಭೂತಗನ್ನಡಿಯನ್ನು ಕಣ್ಣಿಂದ ತೆಗೆದಿಟ್ಟರು. ಫೋನು ಮಾಡಿ ಮೈದುನನನ್ನು ಕರೆಸಿದಳು. ನಡೆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದಳು. ಹಾರಿದ್ದರೆ ಗಾಜು ಒಡೆದು ಆ ಹೆಂಗಸಿನ ಮುಖಕ್ಕೆ ಬರುತ್ತಿತ್ತು ಎಂದಳು. ಮೈದುನ ಮೊದಲು ತಲೆ ತಗ್ಗಿಸಿ ಕೇಳಿದ. ಆದರೆ ಸುಮ್ಮನಿರುವುದು ಅವನ ಜಾಯಮಾನವಲ್ಲ. ಗ್ಯಾಸು ಜಾಸ್ತಿಯಾಗಿದೆ ಅಷ್ಟೇ, ಸಣ್ಣ ಡ್ರಿಲ್ಲು ಹಾಕಿ ಸ್ವಲ್ಪ ಬಿಟ್ಟರೆ ಹದಕ್ಕೆ ಬರುತ್ತದೆ ಎಂದು ಎದ್ದು ಹೋಗಿ ಡ್ರಿಲ್ಲನ್ನು ಕೈಗೆತ್ತಿಕೊಂಡ.

"ಕೆಳಗಿಡು."

ಹಾಗೆಂದವರು ಗಂಡ. ಮದುವೆಯಾಗಿ ಮೂವತ್ತೊಂದು ವರ್ಷದಲ್ಲಿ ಅವರ ದನಿ ಅಷ್ಟು ಮೇಲೇರಿದ್ದನ್ನು ಅವಳು ಕೇಳಿರಲಿಲ್ಲ. ಡ್ರಿಲ್ಲು ತಾನಾಗಿ ಮೇಜಿನ ಮೇಲೆ ಇಳಿಯಿತು.

"ಸೈಕಲ್ ಟ್ಯೂಬು ಅಂದ್ಕೊಂಡ್ಯಾ ಇದನ್ನ? ತೂತು ಹಾಕಿದ್ರೆ ಎಣ್ಣೆ, ಚೂರು, ಎಲ್ಲಾ ನಿನ್ನ ಕಣ್ಣಿಗೇ ಬರುತ್ತೆ. ಇದನ್ನ ಬಿಚ್ಚೋ ಹಾಗಿಲ್ಲ, ಕೊರೆಯೋ ಹಾಗಿಲ್ಲ, ಬೆಂಕಿಗೆ ಹಾಕೋ ಹಾಗಿಲ್ಲ."

ಆಮೇಲೆ ಅವರು ಬಚ್ಚಲುಮನೆಗೆ ಹೋಗಿ, ಮೇಲೆ ಹತ್ತಿ ನಿಂತು ತೂಕ ನೋಡುವ ಯಂತ್ರವನ್ನು ಹೊತ್ತು ತಂದು ನೆಲದ ಮೇಲಿಟ್ಟರು. ಎರಡೂ ಶಾಕುಗಳನ್ನು ಕಾರಿನಿಂದ ಕಳಚಿ ತಂದು, ಒಂದನ್ನು ಅದರ ಮೇಲೆ ನೆಟ್ಟಗೆ ನಿಲ್ಲಿಸಿ, ಮೇಲ್ತುದಿಗೆ ಮರದ ತುಂಡಿಟ್ಟು ಮೈದುನನಿಗೆ ಒತ್ತಲು ಹೇಳಿದರು. ಮುಳ್ಳು ಐವತ್ತೆರಡಕ್ಕೆ ಹೋದ ಮೇಲೆಯೇ ಶಾಕು ಕುಗ್ಗತೊಡಗಿತು. ಹೊರಗೆ ಹೋಗಿ ಯಂತ್ರವನ್ನು ಸ್ಟೂಲಿನ ಮೇಲಿಟ್ಟು, ಶಾಕು ಕಳಚಿದ ಬಾನೆಟ್ಟಿನ ಮುಂತುದಿಯನ್ನು ಅದರ ಮೇಲೆ ಒರಗಿಸಿದರು. ಐದೂವರೆ ಕಿಲೋ. ಚೀಟಿಯ ಮೇಲೆ ಗುಣಿಸಿ ಭಾಗಿಸಿ, ನಾವು ಕೀಲಿನ ಹತ್ತಿರ ಕೂರಿಸಿರುವ ಲೆಕ್ಕಕ್ಕೆ ಒಂದೊಂದು ಶಾಕಿಗೂ ಇಪ್ಪತ್ತು ಕಿಲೋ ಬಲವಿದ್ದರೆ ಸಾಕು, ಇದು ಎರಡೂವರೆ ಪಟ್ಟು ಜಾಸ್ತಿ ಎಂದರು. ಹೇಳಿ, ಕನ್ನಡಕ ಒರೆಸುತ್ತಾ, "ಭಾನುವಾರವೇ ಹೇಳಿದ್ದೆ" ಎಂದು ಸೇರಿಸಿದರು.

ಕ್ಲಚ್ಚಕ್ಕ ತಿರುಗಿ ನೋಡಿದಳು. "ಯಾವಾಗ ಹೇಳಿದ್ರಿ?"

"ಅಳೀತಿರುವಾಗ."

"ಯಾರಿಗೆ? ಅಡಿಕೋಲಿಗಾ?"

ಅವರು ಒರೆಸಿದ ಕನ್ನಡಕವನ್ನೇ ಮತ್ತೆ ಒರೆಸತೊಡಗಿದರು. ಅವಳಿಗೆ ಕೂಗಬೇಕೆನಿಸಿತು. ಒಬ್ಬನಿಗೆ ತಪ್ಪು ಹೇಳಲು ಒಂದು ಕ್ಷಣವೂ ಬೇಡ, ಇನ್ನೊಬ್ಬರಿಗೆ ಸರಿ ಹೇಳಲು ಒಂದು ಜನ್ಮ ಬೇಕು. ಈ ಅಣ್ಣತಮ್ಮಂದಿರ ನಡುವೆ ತನ್ನ ಕೈ, ತನ್ನ ಕಾರು, ತನ್ನ ನರ್ಸಮ್ಮ ಸಿಕ್ಕಿಕೊಂಡು ಜಜ್ಜಿಹೋಗುತ್ತಿವೆ. ರಾತ್ರಿ ಊಟವಾದ ಮೇಲೆ ಆ ಲೆಕ್ಕದ ಚೀಟಿಯನ್ನು ಮಾತ್ರ ಮೇಜಿನಿಂದ ಎತ್ತಿ ತನ್ನ ಲೈಸೆನ್ಸಿನ ಕವರಿನಲ್ಲಿ ಇಟ್ಟುಕೊಂಡಳು.

ಮರುದಿನ ಪಾಠಗಳನ್ನೆಲ್ಲ ಮುಂದೂಡಿ, ತೂಕದ ಯಂತ್ರವನ್ನು ಕಂಕುಳಲ್ಲಿ ಇಟ್ಟುಕೊಂಡು ಒಬ್ಬಳೇ ಗುಜರಿ ಅಂಗಡಿಗೆ ಹೋದಳು. ಇಪ್ಪತ್ತು ಕಿಲೋ ಬಲದ ಶಾಕು ಬೇಕು ಎಂದಳು. ಅಷ್ಟು ಮೆತ್ತಗಿರುವುದನ್ನು ಯಾವ ಕಂಪನಿಯೂ ಹಿಂಬಾಗಿಲಿಗೆ ಹಾಕುವುದಿಲ್ಲ ಎಂದರು ಗುಜರಿಯಮ್ಮ. ಅವಳು ಹೊರಡಲು ಯಂತ್ರವನ್ನು ಎತ್ತಿಕೊಂಡಳು. ಅಷ್ಟರಲ್ಲಿ ತಗಡಿನ ಗೋಡೆಯ ಪಕ್ಕ ಒಂದು ಪೀಪಾಯಿ ಕಣ್ಣಿಗೆ ಬಿತ್ತು. ಅದರ ತುಂಬ ಶಾಕುಗಳು ಕಟ್ಟಿಗೆಯಂತೆ ಚಾಚಿಕೊಂಡಿದ್ದವು.

"ಅವೇನು?"

"ಸತ್ತುಹೋದವು. ಬಾಗಿಲು ಎತ್ತೋಕ್ಕಾಗದೆ ಜನ ಬಿಚ್ಚಿ ಬಿಸಾಕಿದ್ದು. ಕಬ್ಬಿಣದ ತೂಕಕ್ಕೆ ಹೋಗುತ್ತೆ."

ಕ್ಲಚ್ಚಕ್ಕ ಪೀಪಾಯಿಯನ್ನು ನೋಡಿದಳು, ಯಂತ್ರವನ್ನು ನೋಡಿದಳು. ಐವತ್ತು ಕಿಲೋದ ಶಾಕಿನಿಂದ ಗ್ಯಾಸು ಸೋರಿ ಸೋರಿ ಮೂವತ್ತಕ್ಕೋ ಇಪ್ಪತ್ತಕ್ಕೋ ಇಳಿದರೆ ಆ ಭಾರದ ಬಾಗಿಲಿಗೆ ಅದು ಸತ್ತ ಹಾಗೆಯೇ. ತನ್ನ ಬಾನೆಟ್ಟಿಗೆ ಬೇಕಾದದ್ದು ಅಷ್ಟೇ ತಾನೆ. ಯಂತ್ರವನ್ನು ನೆಲಕ್ಕಿಟ್ಟು, ಪೀಪಾಯಿಯನ್ನು ಅಡ್ಡ ಕೆಡವಿದಳು.

ಆಮೇಲೆ ಎರಡು ಗಂಟೆ ಗುಜರಿ ಅಂಗಡಿಯ ಎಲ್ಲ ಕೆಲಸವೂ ನಿಂತಿತು. ಅವಳು ಒಂದೊಂದನ್ನೇ ಯಂತ್ರದ ಮೇಲೆ ನೆಟ್ಟು, ಮರದ ತುಂಡಿಟ್ಟು, ಎದೆಯ ಭಾರ ಹಾಕಿ ಒತ್ತುವಳು. ಮೂವತ್ತೆಂಟು. ಆರು. ನಾಲ್ಕು. ಇನ್ನೊಂದು ಒತ್ತಿದರೆ ಒಳಗೇ ಉಳಿದು ವಾಪಸು ಬರಲೇ ಇಲ್ಲ. ಗುಂಡು ಬೋಲ್ಟು ಸಿಗದವು ಒಂದು ಕಡೆ, ಕಡ್ಡಿ ಬಾಗಿದವು ಒಂದು ಕಡೆ, ಎಣ್ಣೆ ಜಿನುಗುವವು ಇನ್ನೊಂದು ಕಡೆ. ಗುಣುಗುಣು ಬೈಯುತ್ತಲೇ ಇದ್ದಳು, ಯಾರನ್ನು ಎಂದು ಅವಳಿಗೂ ಗೊತ್ತಿರಲಿಲ್ಲ. ಗುಜರಿಯಮ್ಮ ಮೊದಲು ನಕ್ಕರು, ಆಮೇಲೆ ಸಿಡುಕಿದರು, ಆಮೇಲೆ ಸೀಟಿನಿಂದ ಎದ್ದು ಬಂದು ಕನ್ನಡಕ ಏರಿಸಿಕೊಂಡು ಮುಳ್ಳು ಓದತೊಡಗಿದರು. ನಲವತ್ತಮೂರನೆಯದು ಇಪ್ಪತ್ತೊಂದು ತೋರಿಸಿತು. ಅದೇ ಉದ್ದದ್ದು, ಹತ್ತೊಂಬತ್ತು ತೋರಿಸಿದ್ದು, ಆಗಲೇ ಪಕ್ಕಕ್ಕಿಟ್ಟ ರಾಶಿಯಲ್ಲಿ ಸಿಕ್ಕಿತು. ಎರಡು ಬೇರೆ ಬೇರೆ ಕಾರಿನವು.

ಇಷ್ಟು ವರ್ಷದ ವ್ಯಾಪಾರದಲ್ಲಿ ಸತ್ತದ್ದನ್ನು ಆರಿಸಿ ಆರಿಸಿ ಕೊಂಡವರು ನೀವೊಬ್ಬರೇ ಎಂದರು ಗುಜರಿಯಮ್ಮ. ಆನೆಯೆತ್ತುವ ಜೋಡಿಯನ್ನು ವಾಪಸು ತೆಗೆದುಕೊಂಡು, ಇದನ್ನು ಸುಮ್ಮನೆ ಕೊಟ್ಟರು.

ಈ ಸಲ ಅವಳು ಯಾರಿಗೂ ಬಿಡಲಿಲ್ಲ. ರಟ್ಟಿನ ಪೆಟ್ಟಿಗೆ ಕತ್ತರಿಸಿ ಬಾನೆಟ್ಟಿನ ಪಕ್ಕದ ಅಚ್ಚು ಮಾಡಿಕೊಂಡಳು. ಶಾಕಿನಷ್ಟೇ ಉದ್ದದ ಎರಡು ರಟ್ಟಿನ ಪಟ್ಟಿಗಳನ್ನು, ಒಂದು ಚಾಚಿದ ಅಳತೆಯದು, ಒಂದು ಕುಗ್ಗಿದ ಅಳತೆಯದು, ಗುಂಡುಪಿನ್ನಿನಲ್ಲಿ ಅಚ್ಚಿಗೆ ಚುಚ್ಚಿ ತೆರೆದು ಮುಚ್ಚಿ ನೋಡಿದಳು. ಬಾನೆಟ್ಟು ಪೂರ್ತಿ ಮುಚ್ಚಿದಾಗಲೂ ಶಾಕಿನಲ್ಲಿ ಒಂದು ಬೆರಳಷ್ಟು ಜಾಗ ಉಳಿಯಬೇಕು, ಇಲ್ಲದಿದ್ದರೆ ತಗಡು ಬಾಗುತ್ತದೆ. ಅದನ್ನು ಹೇಳಿದವರು ಗಂಡ. ಈ ಸಲ ಅಡಿಕೋಲಿಗಲ್ಲ, ಅವಳ ಮುಖ ನೋಡಿಯೇ ಹೇಳಿದರು. ಶಾಕಿನ ತೆಳು ಕಡ್ಡಿಯ ಕಡೆ ಕೆಳಗಿರಲಿ, ಒಳಗಿನ ಎಣ್ಣೆ ಗ್ಯಾಸು ತಡೆಯುವ ಬಿರಡೆಯ ಹತ್ತಿರ ನಿಲ್ಲುತ್ತದೆ, ಬಾಳಿಕೆ ಬರುತ್ತದೆ ಎಂದೂ ಹೇಳಿದರು. ಅವಳು ಹೂಂ ಎಂದಳು. ಉಬ್ಬಿದ್ದ ತಗಡನ್ನು ಹಳೆ ಕಂಬಳಿಯ ಮೇಲೆ ಮಗುಚಿ, ಮರದ ಸುತ್ತಿಗೆಯಲ್ಲಿ ಮೆತ್ತಗೆ ಬಡಿದು ಸುಮಾರಾಗಿ ಹದಕ್ಕೆ ತಂದಳು. ಮೈದುನ ಕೊರೆದಿದ್ದ ಬೇಡದ ತೂತುಗಳಿಗೆ ರಬ್ಬರು ಬಿರಡೆ ಹಾಕಿದಳು. ಮೈದುನ ಗೇಟಿನ ಹೊರಗೆ ನಿಂತು ನೋಡುತ್ತಿದ್ದ. ಒಳಗೆ ಬಾ ಎಂದು ಕರೆದವಳೂ ಅವಳೇ. ಬಾನೆಟ್ಟು ಹಿಡಿದು ನಿಲ್ಲು, ಮಾತಾಡಬೇಡ ಎಂದಳು. ಮುಕ್ಕಾಲು ಗಂಟೆ ಅವನು ಮಾತಾಡದೆ ನಿಂತ. ಅವನ ಪಾಲಿಗೆ ಅದು ತಪಸ್ಸು.

ಕೊನೆಯ ನಟ್ಟು ಬಿಗಿದು ಕೊಂಡಿ ಸರಿಸಿದಳು. ಬಾನೆಟ್ಟು ಹಾರಲಿಲ್ಲ. ಅವಳು ಅರ್ಧದವರೆಗೆ ಎತ್ತಿದಳು. ಅಲ್ಲಿಂದ ಅದು ಕೈಯಿಂದ ತನ್ನ ಭಾರವನ್ನು ತಾನೇ ತೆಗೆದುಕೊಂಡು, ನಿಧಾನವಾಗಿ ಏರಿ, ಮೇಲೆ ಹೋಗಿ ನಿಂತಿತು. ಅವಳು ಕೆಳಗೆ ತಲೆಯಿಟ್ಟು ಬೇಕೆಂದೇ ಒಂದು ನಿಮಿಷ ನಿಂತಳು. ಬಲಗೈಯನ್ನೂ ಇಟ್ಟಳು. ಗಾಳಿಗೆ ಅಲುಗಾಡಿತು, ಬೀಳಲಿಲ್ಲ. ಮುಚ್ಚಲು ಒಂದು ಅಂಗೈ ಸಾಕಾಯಿತು. ಅವಳು ಇನ್ನೊಮ್ಮೆ ತೆರೆದು ಇನ್ನೊಮ್ಮೆ ಮುಚ್ಚಿದಳು. ಆಮೇಲೆ, ಕೈಯ ಗ್ರೀಸು ಒರೆಸಲು ಒಂದು ಬಟ್ಟೆಯೂ ಈ ಮನೆಯಲ್ಲಿ ಸಿಗುವುದಿಲ್ಲ ಎಂದು ಗೊಣಗುತ್ತಾ ಒಳಗೆ ಹೋದಳು.

ತಿಂಗಳೊಳಗೆ ನರ್ಸಮ್ಮ ಪರೀಕ್ಷೆ ಪಾಸು ಮಾಡಿದರು. ಈಗ ಬೆಳಗಿನ ಪಾಳಿಗೆ ತಮ್ಮದೇ ಗಾಡಿಯಲ್ಲಿ ಹೋಗುತ್ತಾರೆ. ಮೈದುನ ಮಾತ್ರ ಅಂಗಡಿಗೆ ಬಂದವರಿಗೆಲ್ಲ "ನಮ್ಮ ಅತ್ತಿಗೆ ಕಾರಿಗೆ ನಾವೇ ಹಾಕಿದ್ದು" ಎಂದು ಫ್ರಿಜ್ಜಿನ ಜೊತೆಗೆ ಇದನ್ನೂ ಮಾರಿದ. ಒಬ್ಬರಾದ ಮೇಲೊಬ್ಬರು ಹಳೆ ಕಾರು ತಂದು ಗೇಟಿನ ಮುಂದೆ ನಿಲ್ಲಿಸತೊಡಗಿದರು. ನಾನು ಕಾರು ಓಡಿಸಲು ಕಲಿಸುವವಳು, ಬಾನೆಟ್ಟು ಎತ್ತುವವಳಲ್ಲ ಎಂದು ಹೇಳಿ ಹೇಳಿ ಅವಳಿಗೆ ಸಾಕಾಯಿತು. ಕೊನೆಗೆ ಒಳಗೆ ಕೈ ತೋರಿಸಿ, ಅಲ್ಲಿ ಕೂತಿದ್ದಾರಲ್ಲ, ಅವರನ್ನು ಕೇಳಿ ಎಂದಳು.

ಗಂಡನಿಗೆ ಬಹಳ ವರ್ಷದ ಮೇಲೆ ಕೈತುಂಬ ಕೆಲಸ. ಬಂದ ಕಾರನ್ನು ಅಳೆಯುತ್ತಾರೆ, ತೂಗುತ್ತಾರೆ, ಚೀಟಿಯಲ್ಲಿ ಗುಣಿಸುತ್ತಾರೆ, ಗುಜರಿಯಮ್ಮನಿಗೆ ಫೋನು ಮಾಡಿ ಎಷ್ಟು ಕಿಲೋದ್ದು ಬೇಕು ಎಂದು ಹೇಳುತ್ತಾರೆ. ಗುಜರಿಯಮ್ಮ ತಾವೂ ಒಂದು ತೂಕದ ಯಂತ್ರ ಇಟ್ಟುಕೊಂಡಿದ್ದಾರೆ. ಒಂದೊಂದು ಕಾರಿಗೂ ಮೂರು ವಾರ ಹಿಡಿಯುತ್ತದೆ. ಬಂದವರು ತಾಳ್ಮೆಗೆಟ್ಟು ಕೇಳಿದರೆ "ಆಗ್ತಾ ಇದೆ" ಎನ್ನುತ್ತಾರೆ. ಊಟದ ಮೇಜಿನ ಉಳಿದರ್ಧವೂ ಈಗ ಶಾಕು, ಬೋಲ್ಟು, ಉಕ್ಕಿನ ಪಟ್ಟಿಗಳ ಪಾಲಾಗಿದೆ.

ಕ್ಲಚ್ಚಕ್ಕ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಊಟ ಮಾಡುತ್ತಾಳೆ. ಮೊನ್ನೆ ಅವಳು ಕೂತಲ್ಲಿಂದಲೇ, ತುತ್ತು ಬಾಯಿಗಿಡುವ ಮುನ್ನ, ಅವರು ಬರೆದ ಚಿತ್ರ ನೋಡಿ, ಎಡಗಡೆಯ ಹಿಡಿಕೆ ಕೀಲಿಗೆ ತೀರಾ ಹತ್ತಿರವಾಯಿತು ಎಂದು ಹೇಳಿದಳು. ಅವರು ಅಳೆದು ನೋಡಿದರು. ಅಳೆದು, ಇನ್ನೊಮ್ಮೆ ಅಳೆದು, ಮತ್ತೊಮ್ಮೆ ಅಳೆಯಲು ಶುರುಮಾಡಿದಾಗ ಅವಳು ತಟ್ಟೆ ಎತ್ತಿಕೊಂಡು ಹೊರಗೆ ಹೋಗಿ ಕಾರಿನಲ್ಲಿ ಕೂತು ಊಟ ಮುಗಿಸಿದಳು.